ಹುಲಿಗೆಪ್ಪನ ಮೂರು ಸುತ್ತು

ಗೋದಾಮಿನ ಕಚೇರಿಯಲ್ಲಿ ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಯಿತು. ಗುಮಾಸ್ತೆ ಜೈನಬಿ ಕೀಲಿಮಣೆಯಿಂದ ಕೈ ತೆಗೆದು ಸುಮ್ಮನೆ ಕೂತಳು. ಯಂತ್ರದ ಪಕ್ಕಕ್ಕೆ ಅಂಟಿಸಿದ್ದ, ಬೆಂಕಿಪೊಟ್ಟಣದಷ್ಟೇ ಇದ್ದ ‘ಚೇತನಿ’ ಎಂಬ ರಿಪೇರಿ ಡಬ್ಬಿಯ ದೀಪ ಮಿನುಗಿತು. ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಓಡಾಡಿ, ಸಿಕ್ಕಿಕೊಂಡಿದ್ದ ಕೆಲಸವನ್ನು ಹುಡುಕಿ ನಿಲ್ಲಿಸಿತು. ಪ್ರಿಂಟರ್ ಗೇಟ್ ಪಾಸ್ ಉಗುಳಿತು. ಆಮೇಲೆ ಬಾಣ ಪರದೆಯ ಅಂಚಿನುದ್ದಕ್ಕೂ ಮೂರು ಸುತ್ತು ಹಾಕಿ ನಿಂತಿತು.

“ಎಷ್ಟ್ ಶಾಣ್ಯಾ ಐತಿ ನೋಡ್ರಿ ನನ್ನ ಕೂಸು!” ಜೈನಬಿ ಪೆಟ್ಟಿಗೆಯ ತಲೆ ಸವರಿದಳು.

ಬಾಗಿಲಲ್ಲಿ ನಿಂತಿದ್ದ ಹುಲಿಗೆಪ್ಪನಿಗೆ ಮೈಯೆಲ್ಲ ಉರಿಯಿತು. ಹೋದ ವರ್ಷದವರೆಗೆ ಆ ಹೊಗಳಿಕೆ ಅವನದಾಗಿತ್ತು. ಇಪ್ಪತ್ತೊಂದನೇ ಶತಮಾನದ ನಡು ದಾಟಿ, ಗಂಗಾವತಿಯ ಅಕ್ಕಿ ಹೊರುವ ಲಾರಿಗಳು ಚಾಲಕರಿಲ್ಲದೆ ಓಡುತ್ತಿದ್ದರೂ, ಈ ಗೋದಾಮಿನ ಲೆಕ್ಕ ಇನ್ನೂ ಅಜ್ಜನ ಕಾಲದ ತಂತ್ರಾಂಶದಲ್ಲೇ ಇತ್ತು. ಹ್ಯಾಂಗ್ ಆಗುವುದೆಂದರೆ ಯಂತ್ರ ಸತ್ತಿತೆಂದಲ್ಲ. ಇಕ್ಕಟ್ಟಿನ ಗೇಟಿನಲ್ಲಿ ಎರಡು ಲಾರಿ ಎದುರುಬದುರು ನಿಂತು, ನೀನು ಹಿಂದೆ ಸರಿ ಅಂದರೆ ನೀನೇ ಸರಿ ಅನ್ನುವ ಹಾಗೆ, ಒಳಗಿನ ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಕೂತಿರುತ್ತವೆ. ಯಾವುದನ್ನು ಸರಿಸಬೇಕೆಂಬುದು ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಹುಲಿಗೆಪ್ಪನ ಬೆರಳಿಗೆ ಗೊತ್ತಿತ್ತು. “ಹುಲಿಗೆಪ್ಪಾ, ಲಗೂನ ಬಾರಪಾ” ಎಂಬ ಕೂಗು, ಮುಂದೆ ಬಂದು ಕೂರುವ ಚಹಾ, ಸುತ್ತ ನಿಂತು ನೋಡುವ ಮಂದಿ. ಈಗ ಚಹಾ ತರುವವರಿಗೂ ಅವನು ಕಾಣಿಸುತ್ತಿರಲಿಲ್ಲ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಆ ಮೂರು ಸುತ್ತು. ಅದು ಅವನದು. ಜ್ವರ ಬಿಟ್ಟ ಮಕ್ಕಳಿಗೆ ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯುವಂತೆ, ಯಂತ್ರ ಜೀವ ಹಿಡಿದಾಗಲೆಲ್ಲ ಅವನು ಮೌಸ್ ಹಿಡಿದು ಪರದೆಗೆ ಮೂರು ಸುತ್ತು ಇಳಿಸುತ್ತಿದ್ದ. ಈ ಡಬ್ಬಿಗೆ ಯಾವ ಅವ್ವ ಇದ್ದಳು?

ಚೇತನಿಯನ್ನು ಕಂಡುಹಿಡಿದ ಡಾ. ಮೇದಿನಿ ಅಂದು ಪರೀಕ್ಷೆಗೆಂದು ಬಂದು ಅಲ್ಲೇ ಕೂತಿದ್ದರು. ಅವನು ಸೀದಾ ಅವರ ಎದುರಿಗೆ ಹೋಗಿ ನಿಂತ.

“ಮೇಡಮ್ಮಾರ, ಇದು ಯಾರ ಕೈಲಿ ಕಲ್ತೈತ್ರಿ?”

“ರಿಪೇರಿ ಮಾಡೋರ ಕೈಲೇ. ಅವರು ಮಾಡಿದ್ದನ್ನೆಲ್ಲ ದಾಖಲಿಸಿ ಇದಕ್ಕೆ ಕಲಿಸಿದ್ವಿ. ಈ ತಂತ್ರಾಂಶದ್ದು ಮುಕ್ಕಾಲು ಪಾಲು ಇಲ್ಲಿಂದಾನೇ ಬಂದಿದ್ದು.”

“ಇಲ್ಲಿ ಮಾಡ್ತಿದ್ದಾವ ನಾನೊಬ್ನ. ನನ್ನ ಕೇಳೀರೇನ್ರಿ?”

“ಒಪ್ಪಿಗೆ ಕೊಟ್ಟಿದೀರಲ್ಲ. ಕೆಲಸ ಶುರು ಮಾಡೋವಾಗ ಪರದೆ ಮೇಲೆ ಕೇಳ್ತಿತ್ತು.”

“ಅದನ್ನ ಒತ್ತಲಿಲ್ಲಂದ್ರ ಮಷಿನ್ನ ತೆರೀತಿರಲಿಲ್ರೀ!”

“ಏನಪಾ, ಡಬ್ಬಿ ಮ್ಯಾಲೆ ಹೊಟ್ಟಿಕಿಚ್ಚೇನು?” ಜೈನಬಿ ನಕ್ಕಳು. ಮೇದಿನಿ ನಗಲಿಲ್ಲ.

“ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು. ಆ ಮೂರು ಸುತ್ತು ಯಾಕೆ? ನಮ್ಮ ಎಂಜಿನಿಯರುಗಳು ತಲೆ ಕೆಡಿಸಿಕೊಂಡ್ರು, ತಿಳೀಲಿಲ್ಲ. ಏನೋ ಅಗತ್ಯ ಇರ್ಬೇಕು ಅಂತ ಹಾಗೇ ಬಿಟ್ಟಿದೀವಿ. ಬೇಡದ್ದಾದ್ರೆ ಹೇಳಿ, ಅಳಿಸಿಬಿಡ್ತೀವಿ.”

ಹುಲಿಗೆಪ್ಪ ಪರದೆಯ ಮೇಲಿನ ಬಾಣದತ್ತ ನೋಡಿದ. ನನ್ನದು ಎಂದು ಹೇಳಿಕೊಳ್ಳಬೇಕೆಂದರೆ ಅದು ಬರಿಯ ದೃಷ್ಟಿ ತೆಗೆಯುವುದೆಂದು ಹೇಳಬೇಕು. ಹೇಳಿದರೆ ಅದು ಉಳಿಯುವುದಿಲ್ಲ. ಅವನ ಬೇರೆ ಕೈಚಳಕವೆಲ್ಲ ಚೇತನಿಯ ಹೆಸರಿಗೆ ಆಗಲೇ ಬರೆದಾಗಿತ್ತು.

“ತಗೀಬ್ಯಾಡ್ರಿ,” ಎಂದ. “ತಗದ್ರ ಒಂದಿನ ಎಲ್ಲಾ ಒಮ್ಮೆಲೆ ನಿಂತ್ಬಿಡ್ತೈತಿ.”

ಜೈನಬಿಗೆ ನಿಜ ಗೊತ್ತಿತ್ತು. ಅವನ ಮುಖ ನೋಡಿದಳು. ನಗು ಇಳಿಯಿತು. “ಹೌದ್ರಿ ಮೇಡಮ್, ಅಂವ ಹೇಳೂದು ಖರೇ,” ಎಂದು ಕೀಲಿಮಣೆಯತ್ತ ತಿರುಗಿದಳು.

ಚೇತನಿ ಮುಂದೆ ದೇಶದ ಎಷ್ಟೋ ಕಚೇರಿಗಳನ್ನು ಸೇರಿತು. ಎಂದೂ ಕಾಣದ ಊರುಗಳಲ್ಲಿ ಹುಲಿಗೆಪ್ಪನ ಅವ್ವನ ಕೈ ದಿನವೂ ದೃಷ್ಟಿ ತೆಗೆಯಿತು. ಅವನಿಗೆ ಮಾತ್ರ ಯಾವ ಊರಿನಿಂದಲೂ ಕರೆ ಬರಲಿಲ್ಲ. ಗೋದಾಮಿನಲ್ಲಿ ಅವನು ಚೀಲ ಎಣಿಸುವ ಕೆಲಸಕ್ಕೆ ನಿಂತ.

ಇದೆಲ್ಲ ಇನ್ನೂ ಆಗಬೇಕಾದದ್ದು. ಇವತ್ತು ಬೆಳಿಗ್ಗೆ ನೀವು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಏನನ್ನೋ ತೆರೆಯುವಾಗ ‘ಒಪ್ಪಿಗೆ’ ಎಂಬ ಗುಂಡಿಯನ್ನು ಒತ್ತಿರುತ್ತೀರಿ. ಅದರ ಪಕ್ಕದಲ್ಲಿ ‘ಬೇಡ’ ಎನ್ನುವ ಇನ್ನೊಂದು ಗುಂಡಿ ಇತ್ತೇ, ಸ್ವಲ್ಪ ನೆನಪು ಮಾಡಿಕೊಳ್ಳಿ.