ಕಾರ್ಖಾನೆ ಗೋಡೆಯ ಮೇಣದಬತ್ತಿ

ಕಡಲಕಳೆ ಆಯುವವರಿಗೆ ಮೊದಲು ಕಂಡದ್ದು ಬೂಟುಗಳು. ಒಂದರ ಪಕ್ಕ ಒಂದು, ಮೂತಿ ಸಮುದ್ರದ ಕಡೆಗೆ. ಒಂದರೊಳಗೆ ಫೋನು, ಇನ್ನೊಂದರೊಳಗೆ ಗುರುತಿನ ಚೀಟಿ. ಅವುಗಳ ಯಜಮಾನ ಸ್ವಲ್ಪ ದೂರದಲ್ಲಿ, ಕಳೆಯ ರಾಶಿಗೆ ಸಿಕ್ಕಿಕೊಂಡು ಬಿದ್ದಿದ್ದ.

ಇನ್‌ಸ್ಪೆಕ್ಟರ್ ಎಲಿಯಾನಾ ಚಾಯಾಪಾ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಚೀಟಿ ಓದಿದಳು. ಓಸ್ವಾಲ್ದೊ ರೆತಮಾಲ್. ಊರು, ರಾಜಧಾನಿ ಸಾಂತಿಯಾಗೊ.

"ಮೀನಿನ ಹಿಟ್ಟಿನ ಕಾರ್ಖಾನೆಗೆ ಬಂದೋನು," ಎಂದ ಗಾತಿಕಾ. ಅವನು ಅವಳ ಸಹಾಯಕ. ವಯಸ್ಸಿನಲ್ಲಿ ಅವಳ ಅಪ್ಪನಷ್ಟು. "ಯಂತ್ರಗಳ ತಪಾಸಣೆ, ಒಂದು ವಾರದ ಕೆಲಸ. ನಮ್ಮ ಇಕೀಕೆ ಊರಿಗೆ ರಾಜಧಾನಿಯವರು ಬಂದ್ರೆ ಬಿಸಿಲಿಗೆ ಸಾಯ್ತಾರೆ, ಇಲ್ಲ ಬೇಜಾರಿಗೆ."

"ಬಾಯಿ ಮುಚ್ಚಿ, ಗಾತಿಕಾ."

"ಮುಚ್ಚಿದೆ, ಮೇಡಂ."

ಮೈಮೇಲೆ ಅಂಗಿ, ಪ್ಯಾಂಟು ಎರಡೂ ಇದ್ದವು. ಈಜಲು ಬಂದವನು ಬಟ್ಟೆ ಬಿಚ್ಚುತ್ತಾನೆ. ಇವನು ಬೂಟು ಮಾತ್ರ ಬಿಚ್ಚಿದ್ದ. ಫೋನಿನಲ್ಲಿ ಕೊನೆಯ ಕರೆ ಹೆಂಡತಿಯದು, ಹಿಂದಿನ ದಿನ ಮಧ್ಯಾಹ್ನ.

"ತಾನಾಗೇ ಹೋಗಿದಾನೆ, ಪಾಪ," ಎಂದ ಗಾತಿಕಾ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

* * *

ಹೆಂಡತಿ ಮಿರೇಯಾ ಮಧ್ಯಾಹ್ನದ ವಿಮಾನಕ್ಕೆ ಬಂದಳು. ಠಾಣೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅಳುತ್ತಿರಲಿಲ್ಲ.

"ನಾನೇ ಕೊಂದೆ," ಎಂದಳು.

ಎಲಿಯಾನಾ ಪೆನ್ನು ಕೆಳಗಿಟ್ಟಳು.

"ಮಗಳ ಹುಟ್ಟುಹಬ್ಬ ಇತ್ತು. ಈ ಸಲಾನೂ ಅವನು ಊರಲ್ಲಿಲ್ಲ. ನನಗೆ ಸಿಟ್ಟು ಬಂತು. ವಾಪಸ್ ಬರಲೇಬೇಡ, ಅಲ್ಲೇ ಇದ್ದುಬಿಡು ಅಂದೆ. ಅಂದು ಫೋನ್ ಇಟ್ಟೆ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮಗು ಅಲ್ಲೇ ಇತ್ತು. ಎಲ್ಲಾ ಕೇಳಿಸ್ಕೊಂಡಿದೆ. ಈಗ ಕೇಳ್ತಾಳೆ, ನೀನು ಬರಬೇಡ ಅಂದಿದ್ದಕ್ಕೇ ಅಪ್ಪ ಬರ್ತಿಲ್ವಾ ಅಂತ. ಏನು ಹೇಳ್ಲಿ ನಾನು?"

"ಸತ್ಯ ಗೊತ್ತಾದ ದಿನ ನಾನೇ ಬಂದು ಹೇಳ್ತೀನಿ."

"ಏನೇ ಆಗಿದ್ರೂ?"

"ಏನೇ ಆಗಿದ್ರೂ."

ಮೇಜಿನ ಮೇಲಿನ ನೀರನ್ನು ಅವಳು ಮುಟ್ಟಲಿಲ್ಲ.

* * *

ಮೂರನೆಯ ದಿನ, ಓಸ್ವಾಲ್ದೊ ತಂಗಿದ್ದ ಮನೆಯ ಯಜಮಾನಿ, ಊರವರು ಗೌರವದಿಂದ ದೋನ್ಯಾ ಎನ್ನುವ ಫ್ರೆಸಿಯಾ, ಅವನ ಕೋಣೆಯ ಬಾಗಿಲು ತೆರೆದಳು.

"ಆವತ್ತು ಸಂಜೆ ಚಹಾಕ್ಕೆ ಬರ್ತೀನಿ ಅಂದಿದ್ದ ಮಗಳೇ. ಬ್ರೆಡ್ಡು ಬಿಸಿ ಮಾಡಿ, ಬೆಣ್ಣೆಹಣ್ಣು ಹಿಸುಕಿ ಇಟ್ಕೊಂಡು ಕಾದೆ. ಸಾಯೋಕೆ ಹೋಗೋನು ಬೆಣ್ಣೆಹಣ್ಣಿಗೆ ಉಪ್ಪು ಕಮ್ಮಿ ಹಾಕಿ ಅಂತಾನಾ?"

"ಅಂದವರೂ ಇದಾರೆ, ದೋನ್ಯಾ."

ಮುದುಕಿ ತಲೆ ತಗ್ಗಿಸಿದಳು. "ಬೀಚಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಂದೆ. ಅಲ್ಲಿ ಬೇರೆ ಯಾರೂ ಹಚ್ಚಿಲ್ಲ. ಕಾರ್ಖಾನೆಯವರು ಒಬ್ಬರಾದ್ರೂ ಬರಬಾರದಿತ್ತಾ? ಅಲ್ಲಿ ಒಬ್ಬ ಮುಖ್ಯಸ್ಥ ತುಂಬಾ ಒಳ್ಳೆಯವನು, ದಿನಾ ಜೊತೇಲೇ ಊಟ ಅಂತ ಹೇಳ್ತಿದ್ದ."

ಆಸ್ಪತ್ರೆಯಿಂದ ವೈದ್ಯರ ಫೋನು ಬಂತು. ಶ್ವಾಸಕೋಶದಲ್ಲಿ ಉಪ್ಪುನೀರು. ಮುಳುಗಿಯೇ ಸತ್ತಿದ್ದಾನೆ. ಹೊಡೆದ ಗುರುತಿಲ್ಲ.

"ಬೇರೆ ಏನಾದರೂ?"

"ಗಂಟಲ ಕೆಳಗೆ ಮೀನಿನ ಹುರುಪೆ, ಒಂದು ಹಿಡಿಯಷ್ಟು. ಸಮುದ್ರ ಅಂದ್ಮೇಲೆ ಮೀನು ಇರುತ್ತಲ್ಲ, ಇನ್‌ಸ್ಪೆಕ್ಟರ್."

ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿತ್ತು. ಕಡತ ಮುಚ್ಚಬಹುದಿತ್ತು. ಮುಚ್ಚಿದರೆ ಮಿರೇಯಾಳ ಮುಂದೆ ಹೋಗಿ ನಿಲ್ಲಬೇಕಿತ್ತು. ಎಲಿಯಾನಾ ಕಾರ್ಖಾನೆಗೆ ಹೋದಳು.

* * *

ಪಾಳಿಯ ಮುಖ್ಯಸ್ಥ ಉಂಬೆರ್ತೊ ಬುಗೇನ್ಯೊನ ಕಣ್ಣು ಕೆಂಪಾಗಿತ್ತು. ನರೆತ ತಲೆ, ಮೆತ್ತಗಿನ ದನಿ.

"ಕೆಲಸ ಮುಗಿಸಿ ಹೊರಟ. ತಲೆ ತಗ್ಗಿಸ್ಕೊಂಡು, ಸಮುದ್ರದ ಕಡೆಗೆ. ನಾನೇ ಕಣ್ಣಾರೆ ಕಂಡೆ. ಮಗಳ ಫೋಟೋ ತೋರಿಸಿದ್ದ ನನಗೆ."

ಅವನ ಹಿಂದೆ ಕೆಲಸಗಾರರು ತಮ್ಮ ಬೂಟು ಬಿಚ್ಚಿ ಅಲಮಾರಿಯಲ್ಲಿಟ್ಟು, ರಬ್ಬರ್ ಬೂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದರು.

ಹೊರಗೆ ಗಾಳಿ ಬೀಸುತ್ತಿತ್ತು. ಜೀಪನ್ನು ಗಾತಿಕಾ ಹಿಂದಿನ ಗೋಡೆಯ ಮರೆಗೆ ನಿಲ್ಲಿಸಿದ್ದ. ಗೋಡೆಯ ಬುಡದಲ್ಲಿ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ಒಂದು ಪುಟ್ಟ ಮನೆ. ಒಳಗೆ ಕರಗಿದ ಮೇಣ, ಅದರ ಮೇಲೆ ಮತ್ತೆ ಕರಗಿದ ಮೇಣ, ಒಂದು ಕಾಗದದ ಹೂವು. ಗಾತಿಕಾ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ಅನಿಮಿತಾ. ಸತ್ತವರ ಆತ್ಮಕ್ಕೆ ಕಟ್ಟುವ ಗೂಡು. ಹೂಳಿದ ಕಡೆ ಅದನ್ನು ಕಟ್ಟುವುದಿಲ್ಲ. ಉಸಿರು ಎಲ್ಲಿ ಹೋಯಿತೋ ಅಲ್ಲೇ ಕಟ್ಟಬೇಕು. ಬೇರೆ ಕಡೆ ಹಚ್ಚಿದ ಬೆಳಕು ಆತ್ಮಕ್ಕೆ ಮುಟ್ಟುವುದಿಲ್ಲ. ಆ ಊರಿನಲ್ಲಿ ಇದು ಮಕ್ಕಳಿಗೂ ಗೊತ್ತು.

"ಯಾರದು ಇದು? ಹೆಸರೇ ಇಲ್ಲ."

ಗಾತಿಕಾ ಹುಬ್ಬು ಗಂಟಿಕ್ಕಿದ. "ಅರ್ಧ ಆಯುಷ್ಯ ಈ ರಸ್ತೇಲಿ ಅಪಘಾತ ನೋಡ್ಕೊಂಡೇ ಕಳೆದೋನು ನಾನು, ಮೇಡಂ. ಇಲ್ಲಿ ಯಾರೂ ಸತ್ತಿಲ್ಲ. ಡಬ್ಬೀನೂ ಹೊಸದು, ತುಕ್ಕು ಹಿಡಿದಿಲ್ಲ."

"ಈ ಗೋಡೆಯ ಆಚೆ ಏನಿದೆ?"

"ಮೀನಿನ ಹೊಂಡ. ದೋಣಿಯಿಂದ ಸಮುದ್ರದ ನೀರು ಸಮೇತ ಪಂಪ್ ಮಾಡಿ ಮೀನು ಸುರೀತಾರಲ್ಲ, ಅದು."

ಎಲಿಯಾನಾ ಗೋಡೆಯ ಮೇಲೆ ಕೈಯಿಟ್ಟಳು. ಉಪ್ಪುನೀರು. ಹುರುಪೆ.

"ಸಮುದ್ರದಲ್ಲಿ ಮೀನು ತನ್ನ ಹುರುಪೆ ಹೊತ್ಕೊಂಡೇ ತಿರುಗುತ್ತೆ, ಗಾತಿಕಾ. ಹಿಡಿಗಟ್ಟಲೆ ಉದುರೋದು ಒಂದರ ಮೇಲೊಂದು ಬಿದ್ದು ಜಜ್ಜಿದಾಗ. ಇಂಥ ಹೊಂಡದಲ್ಲಿ."

* * *

ಪಾಳಿ ಬಿಟ್ಟ ಮೇಲೆ, ಇನ್ನೂ ಬಿಸಿಲಿರುವಾಗಲೇ ಉಂಬೆರ್ತೊ ಬಂದ. ಜಾಕೀಟಿನ ಒಳಗಿನಿಂದ ಮೇಣದಬತ್ತಿ ತೆಗೆದ. ಕಡ್ಡಿ ಗೀರಿದ, ಗಾಳಿಗೆ ಆರಿತು. ಮತ್ತೆ ಗೀರಿದ. ಪಕ್ಕದಿಂದ ಯಾರದೋ ಅಂಗೈ ಬಂದು ಗಾಳಿಗೆ ಅಡ್ಡ ನಿಂತಿತು. ಬತ್ತಿ ಹತ್ತಿಕೊಂಡಿತು.

"ಹೆಸರು ಬರೆಯೋದಿಲ್ವಾ, ದೋನ್ ಉಂಬೆರ್ತೊ?" ಎಂದಳು ಎಲಿಯಾನಾ.

ಅವನು ಗೂಡಿನ ಪಕ್ಕ ನೆಲದ ಮೇಲೆ ಕೂತ.

"ಅವನು ಸಮುದ್ರಕ್ಕೆ ಹೋದ ಅಂದ್ರಿ. ಹಾಗಿದ್ರೆ ಬತ್ತಿ ಬೀಚಲ್ಲಿ ಹಚ್ಚಬೇಕಿತ್ತು. ಅಲ್ಲಿಗೆ ನೀವು ಒಂದು ದಿನಾನೂ ಹೋಗಲಿಲ್ಲ. ಪೊಲೀಸರಿಗೆ ಸುಳ್ಳು ಹೇಳೋಕೆ ಆಯ್ತು ನಿಮಗೆ. ಅವನ ಆತ್ಮಕ್ಕೆ ಹೇಳೋಕೆ ಆಗಲಿಲ್ಲ. ಅವನ ಗಂಟಲಲ್ಲಿ ಇದ್ದದ್ದು ನಿಮ್ಮ ಹೊಂಡದ ಹುರುಪೆ. ಅವನ ಬೂಟು ಇದ್ದದ್ದು ನಿಮ್ಮ ಅಲಮಾರೀಲಿ."

ಅವನು ಸುಟ್ಟ ಕಡ್ಡಿಯನ್ನು ನೆಲಕ್ಕೆ ಒತ್ತಿ ಮಾತು ಶುರುಮಾಡಿದ. ಆಮೇಲೆ ಮಾತು ನಿಲ್ಲಲಿಲ್ಲ.

"ಕೊಳೆತ ಮೀನಿಂದ ವಿಷದ ಗಾಳಿ ಏಳುತ್ತೆ. ಅದಕ್ಕೆ ಒಂದು ಎಚ್ಚರಿಕೆ ಗಂಟೆ ಇದೆ. ಅದು ಮಾತೆತ್ತಿದ್ರೆ ಹೊಡ್ಕೊಂಡು ಕೆಲಸ ನಿಲ್ಲಿಸ್ತಿತ್ತು. ಮೀನು ಬರೋ ಕಾಲ. ನಾನೇ ತಂತಿ ಕಿತ್ತಿದ್ದೆ. ಅವನಿಗೆ ಹೇಳ್ಲಿಲ್ಲ. ಪಂಪಿನ ಸದ್ದು ಸರಿಯಿಲ್ಲ ಅಂತ ಹೊಂಡದ ಮೇಲೆ ಬಗ್ಗಿದ. ಒಂದು ಮಾತೂ ಆಡಲಿಲ್ಲ, ಹಾಗೇ ಬಿದ್ದ. ಅಲ್ಲಿ ನಾನೊಬ್ಬನೇ ಇದ್ದೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಕೊಂಡು ಅವನ ಅಂಗಿಗೆ ಕೊಕ್ಕೆ ಹಾಕಿ ಎಳೆದೆ. ಎಳೆಯೋ ಹೊತ್ತಿಗೆ ಹೋಗಿಬಿಟ್ಟಿದ್ದ."

"ಆಗ ಕೂಗಬೇಕಿತ್ತು."

"ಕಾರ್ಖಾನೆ ಮುಚ್ಚಿಸ್ತಾರೆ, ಇಷ್ಟೊಂದು ಜನರ ಅನ್ನ ಹೋಗುತ್ತೆ ಅಂತ..."

"ಅಷ್ಟೇನಾ?"

ಅವನು ಉರಿಯನ್ನೇ ನೋಡಿದ. "ಇಲ್ಲ. ನನ್ನನ್ನ ಹಿಡೀತಾರೆ ಅಂತ. ಅವನ ರಬ್ಬರ್ ಬೂಟು ಬಿಚ್ಚಿ, ವ್ಯಾನಿನಲ್ಲಿ ಹಾಕ್ಕೊಂಡು ಹೋದೆ. ಅವನನ್ನ ನೀರಿಗೆ ಬಿಟ್ಟು, ಅಲಮಾರೀಲಿದ್ದ ಅವನ ಬೂಟು ಮರಳ ಮೇಲಿಟ್ಟೆ. ಒಳನಾಡಿನೋರು ಕಾಲು ತೋಯಿಸೋಕೆ ಇಳೀತಾರೆ, ಅಲೆ ಎಳ್ಕೊಂಡು ಹೋಗುತ್ತೆ. ಹಾಗೆ ಅಂದ್ಕೊಳ್ಳಲಿ ಅಂತ."

"ಹಾಗೆ ಅಂದ್ಕೊಳ್ಳಲಿಲ್ಲ. ತಲೆ ತಗ್ಗಿಸ್ಕೊಂಡು ಹೋದ ಅಂತ ಬೇರೆ ಸೇರಿಸಿದ್ರಿ. ತನ್ನ ಮಾತಿಗೇ ಗಂಡ ಸತ್ತ ಅಂತ ಅವನ ಹೆಂಡತಿ ನಂಬಿ ಕೂತಿದಾಳೆ."

ಉಂಬೆರ್ತೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಗಾತಿಕಾ ಅವನ ರಟ್ಟೆ ಹಿಡಿದು ಎಬ್ಬಿಸಿದ. "ಬನ್ನಿ ಅಣ್ಣ," ಎಂದ. ಬೇಡಿಯನ್ನು ಹೊರಗೆ ತೆಗೆಯಲಿಲ್ಲ.

* * *

ಮಿರೇಯಾ ಗಂಡನ ಕೋಣೆಯಲ್ಲಿ ಅವನ ಅಂಗಿಗಳನ್ನು ಮಡಚುತ್ತಿದ್ದಳು. ಎಲಿಯಾನಾ ನಿಂತೇ ಎಲ್ಲವನ್ನೂ ಹೇಳಿದಳು. ಏನನ್ನೂ ಮೃದು ಮಾಡಲಿಲ್ಲ.

"ಅವನಾಗಿ ಹೋಗಲಿಲ್ಲ," ಎಂದಳು ಮಿರೇಯಾ.

"ಇಲ್ಲ."

"ನನ್ನ ಮೇಲೆ ಸಿಟ್ಟಿತ್ತಾ ಅವನಿಗೆ?"

"ಅದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ ಇನ್ನು."

ಮಿರೇಯಾ ತಲೆಯಾಡಿಸಿದಳು. ಅರ್ಧ ಮಡಚಿದ ಅಂಗಿಯನ್ನು ಪೂರ್ತಿ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಮನೆಗೆ ಫೋನು ಮಾಡಿ ಮಗಳನ್ನು ಕರೆಯಲು ಹೇಳಿದಳು.

"ಕಂದಾ, ಅಮ್ಮ ಬರಬೇಡ ಅಂದಿದ್ದಕ್ಕಲ್ಲ. ಅಪ್ಪಂಗೆ ಕೆಲಸದ ಜಾಗದಲ್ಲಿ ಏಟಾಯ್ತು. ಅಪ್ಪ ನಮ್ಮನ್ನ ಬಿಟ್ಟು ಹೋಗಲಿಲ್ಲ." ಆ ಕಡೆಯ ಮಾತನ್ನು ಕೇಳಿಸಿಕೊಂಡಳು. ಕಣ್ಣು ಮುಚ್ಚಿದಳು.

"ಇಲ್ಲ, ಕಂದಾ. ಆದ್ರೂ ಬರಲ್ಲ."