ಮೊದಲ ಪುಟದ ಮುಖ

"ಲ್ಯಾಮಾಂಟ್ ಪ್ರೂಯಿಟ್," ಎಂದು ಆತ ಕೈ ಚಾಚಿದ.

ಚಾಚಿದ್ದು ಗ್ರೆಗ್‌ನ ಕಡೆಗೆ. ಆದರೆ ಎದೆ ಧಸಕ್ಕೆಂದದ್ದು ಅವನ ಪಕ್ಕ ಫೈಲು ಹಿಡಿದು ನಿಂತಿದ್ದ ನೆಡ್ರಾಳದ್ದು.

ಪ್ರೂಯಿಟ್... ಇವನೇನಾ?

ಹೋದ ವರ್ಷ ಅವಳಿಗೆ ಬಂದ ಮೂರು ಸಾಲಿನ ಪತ್ರದ ಕೆಳಗೆ 'ಎಲ್. ಪ್ರೂಯಿಟ್' ಎಂಬ ಸಹಿ ಇತ್ತು. 'ನಿಮ್ಮ ಉತ್ಸಾಹ ಮೆಚ್ಚುಗೆಯಾಯಿತು. ಸದ್ಯಕ್ಕೆ ಇದು ನಮಗೆ ಹೊಂದುವುದಿಲ್ಲ. ಶುಭವಾಗಲಿ.' ಯಾರೋ ಬಿಳಿಯ ಮುದುಕನಿರಬೇಕು ಎಂದುಕೊಂಡು ಅವಳು ಮನಸಾರೆ ಬೈದಿದ್ದಳು. ಈಗ ನೋಡಿದರೆ ಎದುರಿಗಿರುವವನು ಅವಳಷ್ಟೇ ಕಪ್ಪು. ಮೂವತ್ತೈದರ ಆಸುಪಾಸು, ಅಚ್ಚುಕಟ್ಟಾಗಿ ಕತ್ತರಿಸಿದ ಗಡ್ಡ, ದಣಿದ ಕಣ್ಣು. ಪೀಚ್‌ಟ್ರೀ ಬೀದಿಯ ಆ ಹೂಡಿಕೆ ಸಂಸ್ಥೆಯ ಹದಿನೆಂಟನೇ ಮಹಡಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಆ ಬಣ್ಣದವರು ಇನ್ಯಾರೂ ಇರಲಿಲ್ಲ.

'ಇವನು ನನ್ನ ಗುರುತು ಹಿಡಿದರೆ ಎಲ್ಲ ಮುಗೀತು...'

ಅವಳ ಭಯವೇನು ಅಂತ ಈಗಲೇ ಹೇಳಿಬಿಡುತ್ತೇನೆ. ಗ್ರೆಗ್ ಸ್ಥಾಪಕ ಅಂತ ಹಣ ಕೇಳಿ ಈ ಸಂಸ್ಥೆಗೆ ಕಳಿಸಿದ ಪ್ರೆಸೆಂಟೇಶನ್ನಿನ ಮೊದಲ ಪುಟದಲ್ಲಿ ಫೋಟೋ ಹಾಕಿದ್ದರಲ್ಲ, ಆ ಕಂಪನಿ ಗ್ರೆಗ್‌ನದ್ದಲ್ಲ. ನೆಡ್ರಾಳದ್ದು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಕಪ್ಪು ಚರ್ಮದ ಮೇಲೆ ಎಷ್ಟೋ ಸಲ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅವಳ ಅಮ್ಮನಿಗೆ ತೊಂಬತ್ತಾರು ತೋರಿಸಿತ್ತು. ಎಲ್ಲ ಚೆನ್ನಾಗಿದೆ, ಮನೆಗೆ ಹೋಗಿ ಎಂದು ಕಳಿಸಿದರು. ಮೂರನೇ ದಿನ ಅಮ್ಮ ಇಲ್ಲ. ಅಂದಿನಿಂದ ಆರು ವರ್ಷ ಎಂಜಿನಿಯರ್ ಮಗಳು ಒಂದೇ ಪಟ್ಟು ಹಿಡಿದು ಕೂತಳು... ಯಾರ ಬೆರಳಿಗೆ ಸಿಕ್ಕಿಸಿದರೂ ನಿಜ ಹೇಳುವ ಯಂತ್ರ ಬೇಕು. ಮಾಡಿಯೂ ಬಿಟ್ಟಳು.

ಆಮೇಲೆ ಹೂಡಿಕೆದಾರರ ಬಾಗಿಲು ತಟ್ಟಿದಳು. ಕೆಲವು ಕಡೆ ನಗುಮುಖ, ಕಾಫಿ, ಆಮೇಲೆ ಮೂರು ಸಾಲಿನ ಪತ್ರ; ಈ ಸಂಸ್ಥೆಯಿಂದಂತೂ ಕರೆದು ಮಾತಾಡಿಸದೆಯೇ ಪತ್ರ. ಕೊನೆಗೆ ನಮ್ಮ ಕಪ್ಪು ಜನ ಎಷ್ಟೋ ಮಂದಿ ಸದ್ದಿಲ್ಲದೆ ಮಾಡುವ ಕೆಲಸವನ್ನೇ ಅವಳೂ ಮಾಡಿದಳು. ಮೊದಲ ಪುಟದಲ್ಲಿ ಒಂದು ಬಿಳಿ ಮುಖ ಇಟ್ಟಳು. ಗ್ರೆಗ್ ಅವಳ ಜೊತೆ ಸಾಫ್ಟ್‌ವೇರ್ ಬರೆಯುವ ಒಳ್ಳೆಯ ಮನುಷ್ಯ, ಬೇಡ ಬೇಡ ಅಂದರೂ ಒಪ್ಪಿಸಿದಳು. ಕಂಪನಿಯ ಹೆಸರು ಬದಲಾಯಿತು. ತಾನು ಕೊನೆಯ ಪುಟದ ಮೂಲೆಯಲ್ಲಿ, ಅಮ್ಮನ ತವರಿನ ಹೆಸರಲ್ಲಿ, 'ಕಚೇರಿ ನಿರ್ವಹಣೆ: ಎನ್. ಟಿಲ್‌ಮನ್' ಎಂದಾದಳು. ಉಳಿದ ಒಂದಕ್ಷರವೂ ಬದಲಾಗಲಿಲ್ಲ. ಹೋದ ವರ್ಷ ಬೇಡ ಅಂದ ಇದೇ ಸಂಸ್ಥೆ ಒಂಬತ್ತೇ ದಿನದಲ್ಲಿ ಹೊಗಳಿ ಪತ್ರ ಬರೆದು, ಫೋನು ಮಾಡಿ ಕರೆಯಿತು.

"ಬೆರಳು ಬೆವರಿದ್ದರೆ?" ಲ್ಯಾಮಾಂಟ್ ಗ್ರೆಗ್‌ನನ್ನು ಕೇಳಿದ.

ಗ್ರೆಗ್‌ನ ಕಿವಿ ಕೆಂಪಾಯಿತು. ಅವನು ನೆಡ್ರಾಳ ಮುಖ ನೋಡಿದ.

ಸುಮ್ಮನಿರಬೇಕಿತ್ತು ಅವಳು. ಆದರೆ ಹೆತ್ತ ಮಗುವಿನ ಬಗ್ಗೆ ಕೇಳಿದರೆ ತಾಯಿ ಸುಮ್ಮನಿರುತ್ತಾಳೆಯೇ? ಬೆವರು, ಬೆಳಕು, ಉಗುರಿನ ಬಣ್ಣ ಅಂತ ಐದು ನಿಮಿಷ ಹೇಳಿಯೇ ಹೇಳಿದಳು.

"ನಿಮ್ಮ ಹೆಸರು?" ಎಂದ ಲ್ಯಾಮಾಂಟ್ ಮೆಲ್ಲಗೆ.

"ಟಿಲ್‌ಮನ್. ನಾನು... ಕಚೇರಿ ನೋಡ್ಕೋತೀನಿ."

"ಕಚೇರಿ..." ಅವನು ಏನೋ ಬರೆದುಕೊಂಡ. ಅದೇನೆಂದು ಯೋಚಿಸುತ್ತ ಅವಳಿಗೆ ಆ ವಾರ ಊಟ ಸೇರಲಿಲ್ಲ.

ಸಂಸ್ಥೆಯ ಮುಖ್ಯಸ್ಥೆ ವಿಟ್ಲೋ ಮೇಡಂ ಗ್ರೆಗ್‌ನ ಬೆನ್ನು ತಟ್ಟಿ, ಎರಡು ತಿಂಗಳು ಪರಿಶೀಲನೆ, ಆಮೇಲೆ ಮತ ಹಾಕುತ್ತೇವೆ ಎಂದರು. ಪರಿಶೀಲಿಸಲು ನೇಮಕವಾದವನು ಯಾರು ಅಂದುಕೊಂಡಿರಿ? ಅವನೇ.

ಪ್ರತಿ ಮಂಗಳವಾರ ಲ್ಯಾಮಾಂಟ್ ವೆಸ್ಟ್ ಎಂಡ್ ಬಡಾವಣೆಯ ಅವರ ಕಾರ್ಯಾಗಾರಕ್ಕೆ ಬರತೊಡಗಿದ. ಹಿಂದೆ ಅದು ಟೈರ್ ಅಂಗಡಿ, ಇನ್ನೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಬಂದವನು ಗ್ರೆಗ್‌ನ ಹತ್ತಿರ ಎರಡು ಮಾತಾಡಿ, ಉಳಿದ ಹೊತ್ತೆಲ್ಲ ನೆಡ್ರಾಳ ಮೇಜಿನ ಪಕ್ಕ ಕೂರುತ್ತಿದ್ದ.

ಒಂದು ದಿನ ಅವನ ಬೆರಳಿಗೆ ಅವಳೇ ಯಂತ್ರ ಸಿಕ್ಕಿಸಿದಳು. ಆಮ್ಲಜನಕ ಸರಿಯಾಗಿತ್ತು. ನಾಡಿ ಮಾತ್ರ ನೂರಾ ಹನ್ನೆರಡು.

"ಮೆಟ್ಟಿಲು ಹತ್ತಿ ಬಂದ್ರಾ?" ಎಂದಳು.

"ಇಲ್ಲಿ ಮೆಟ್ಟಿಲೇ ಇಲ್ವಲ್ಲ."

ಅವಳು ತಲೆ ಎತ್ತಲಿಲ್ಲ. ಕೆನ್ನೆ ಬಿಸಿಯಾಯಿತು, ಜೊತೆಗೆ ಆ ಹಳೆಯ ಭಯವೂ ಎದ್ದಿತು. 'ಬೇಡ ನೆಡ್ರಾ... ನಿನ್ನ ಸುಳ್ಳು ಹಿಡಿಯೋಕೆ ಬಂದವನು ಇವನು.'

"ಒಂದು ಮಾತು ಹೇಳ್ಲಾ?" ಎಂದ ಅವನು, ಬೆರಳಿನ ಯಂತ್ರ ನೋಡುತ್ತಲೇ. "ಅಲ್ಲಿ ನಮ್ಮವನು ಅಂತ ಇರೋದು ನಾನೊಬ್ಬನೇ. ನಮ್ಮವರಿಗೆ ಇಲ್ಲ ಅಂತ ಪತ್ರ ಹೋಗ್ಬೇಕಾದ್ರೆ ನನ್ನ ಕೈಲೇ ಸಹಿ ಹಾಕಿಸ್ತಾರೆ. ನಮ್ಮವನೇ ಬೇಡ ಅಂದ್ರೆ ಯಾರೂ ಬಾಯಿ ತೆಗೆಯಲ್ಲ ನೋಡಿ."

ಅವಳು ಅವನ ಬೆರಳಿನಿಂದ ಯಂತ್ರ ಬಿಚ್ಚಿದಳು. ಇದನ್ನು ಯಾಕೆ ಹೇಳುತ್ತಿದ್ದಾನೆ? ಗೊತ್ತಾಗಿದೆಯಾ?

"ಸಹಿ ಹಾಕ್ತೀರಾ?" ಎಂದಳು ಬಿಗಿಯಾಗಿ.

"ಹಾಕಿದೀನಿ. ಅದೇ ನನ್ನ ನಾಚಿಕೆ."

ಹೇಳಿಬಿಡಲು ಬಾಯಿ ತೆರೆದಳು. ಬದಲಿಗೆ ಯಂತ್ರವನ್ನು ಒರೆಸತೊಡಗಿದಳು. ಹೇಳಿದರೆ ಮೋಸಗಾತಿ ಎಂಬ ಹೆಸರು ಊರೆಲ್ಲ ಹಬ್ಬುತ್ತದೆ. ಯಂತ್ರ ಆಸ್ಪತ್ರೆ ಮುಟ್ಟುವುದಿಲ್ಲ. ಇನ್ಯಾರದೋ ಅಮ್ಮ ತೊಂಬತ್ತಾರು ಎಂಬ ಸುಳ್ಳು ನಂಬಿ ಮನೆಗೆ ಹೋಗುತ್ತಾಳೆ.

ಅಮ್ಮ ಹೋದಮೇಲೆ ಅವಳಿಗೆ ಆಸರೆಯಾದ ಬರ್ನೀಸ್ ಚಿಕ್ಕಮ್ಮ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು, ಹಿಂದೆ ಕೂತ ಮನುಷ್ಯರನ್ನು ಕನ್ನಡಿಯಲ್ಲೇ ಅಳೆದು ಪಳಗಿದವಳು. ಒಂದು ಭಾನುವಾರ ಚರ್ಚ್ ಮುಗಿಸಿ ಲ್ಯಾಮಾಂಟ್‌ನನ್ನು ಊಟಕ್ಕೆ ಕರೆದಳು. ಹುರಿದ ಮೀನು, ಕಾಲರ್ಡ್ ಸೊಪ್ಪು, ಜೋಳದ ಬ್ರೆಡ್.

"ಆ ಹುಡುಗ ಸೊಪ್ಪು ಎರಡು ಸಲ ಹಾಕಿಸ್ಕೊಂಡ. ಕಣ್ಣು ಮಾತ್ರ ತಟ್ಟೆ ಮೇಲಿರಲಿಲ್ಲ," ಎಂದಳು ಅವನು ಹೋದಮೇಲೆ.

"ಚಿಕ್ಕಮ್ಮ, ಸುಮ್ನಿರು."

"ನಾನು ಸುಮ್ನೇ ಇದೀನಿ. ನಿನ್ನ ಮುಖಾನೇ ಗಂಟೆ ಹೊಡೀತಿದೆ."

ಮರುದಿನವೇ ಎಲ್ಲ ತಲೆಕೆಳಗಾಯಿತು.

ಸಂಸ್ಥೆಯಿಂದ ಒಂದು ಸಾಲು ಬಂತು. 'ವೈಯಕ್ತಿಕ ಕಾರಣದಿಂದ ಶ್ರೀ ಪ್ರೂಯಿಟ್ ಈ ಕಡತದಿಂದ ಹಿಂದೆ ಸರಿದಿದ್ದಾರೆ. ಮತವನ್ನೂ ಹಾಕುವುದಿಲ್ಲ.' ಅದರ ಬೆನ್ನಿಗೇ ಅವನದ್ದೊಂದು ಮೆಸೇಜು. 'ಮತದ ದಿನದವರೆಗೆ ನಾನು ನಿಮ್ಮ ಜೊತೆ ಮಾತಾಡೋ ಹಾಗಿಲ್ಲ. ಕ್ಷಮಿಸಿ.'

ಅವಳು ಅದನ್ನು ಎರಡು ಸಲ ಓದಿದಳು.

'ಗೊತ್ತಾಗಿದೆ ಅವನಿಗೆ. ಹೆಸರು ಕೆಡಿಸಿಕೊಳ್ಳೋದು ಬೇಡ ಅಂತ ಜಾರಿಕೊಂಡ. ಇನ್ನು ಹೇಳೋದೊಂದೇ ಬಾಕಿ... ಯಾವತ್ತು ಹೇಳ್ತಾನೋ.'

ಮುಂದಿನ ಎರಡು ವಾರ ಫೋನು ಸದ್ದಾದರೆ ಸಾಕು, ಬೆಚ್ಚಿ ಬೀಳುತ್ತಿದ್ದಳು. ಬಾಗಿಲು ತಟ್ಟಿದರೆ ವಕೀಲರೇ ಬಂದರು ಅನ್ನಿಸುತ್ತಿತ್ತು. ಮೋಸದ ಆರೋಪ ಬಂದರೆ ಗ್ರೆಗ್ ಕೂಡ ಸಿಕ್ಕಿಬೀಳುತ್ತಾನಲ್ಲ ಎಂದು ಇನ್ನೊಂದು ಸಂಕಟ. ಇಷ್ಟರ ನಡುವೆಯೂ ಮಂಗಳವಾರ ಬಂದರೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು.

ಮತದ ದಿನ ಬೆಳಿಗ್ಗೆ ಚಿಕ್ಕಮ್ಮನ ಎದುರು ಎಲ್ಲ ಕಕ್ಕಿದಳು. ಗ್ರೆಗ್, ಫೋಟೋ, ಟಿಲ್‌ಮನ್, ಎಲ್ಲ.

ಚಿಕ್ಕಮ್ಮ ಬೈಯಲಿಲ್ಲ.

"ನಿಮ್ಮಮ್ಮನ ಬೆರಳಿಗೆ ಹಾಕಿದ್ರಲ್ಲ, ಅದೂ ಎಲ್ಲ ಸರಿಯಾಗಿದೆ ಅಂತ ತೋರಿಸ್ತು. ಅದು ಸುಳ್ಳು ಅಂತ ತಾನೇ ಮಗಳೇ ನೀನು ಹೊಸದು ಮಾಡೋಕೆ ಹೊರಟಿದ್ದು?"

ನೆಡ್ರಾ ಎದ್ದು ಒಳಗೆ ಹೋಗಿ, ಹಳೆಯ ಪೆಟ್ಟಿಗೆಯಿಂದ ಹೋದ ವರ್ಷದ ಪತ್ರ, ಮೇಜಿನಿಂದ ಈ ವರ್ಷದ್ದು, ಎರಡನ್ನೂ ತೆಗೆದುಕೊಂಡು ಬಂದಳು.

ಹದಿನೆಂಟನೇ ಮಹಡಿಯಲ್ಲಿ ಲ್ಯಾಮಾಂಟ್‌ನ ಕುರ್ಚಿ ಖಾಲಿ ಇತ್ತು. ವಿಟ್ಲೋ ಮೇಡಂ ಮತ್ತು ಇನ್ನಿಬ್ಬರು. ಗ್ರೆಗ್ ಮಾತು ಶುರುಮಾಡುವ ಮೊದಲೇ ನೆಡ್ರಾ ಎದ್ದು ನಿಂತಳು.

"ಈ ಕಂಪನಿ ನನ್ನದು. ಗ್ರೆಗ್ ನನ್ನ ಜೊತೆ ಕೆಲಸ ಮಾಡೋರು. ಮೊದಲ ಪುಟದಲ್ಲಿ ಅವರ ಫೋಟೋ ಹಾಕಿದ್ದು ನಾನು, ಅವರದೇನೂ ತಪ್ಪಿಲ್ಲ."

ವಿಟ್ಲೋ ಮೇಡಂ ಪೆನ್ನು ಕೆಳಗಿಟ್ಟರು.

"ಎರಡು ತಿಂಗಳು ನಮಗೆ ಸುಳ್ಳು ಹೇಳಿದ್ರಿ," ಎಂದರು ವಿಟ್ಲೋ ಮೇಡಂ.

"ಹೌದು. ತಪ್ಪೇ." ಅವಳು ಎರಡು ಕಾಗದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಇದು ಹೋದ ವರ್ಷ ನನ್ನ ಹೆಸರಲ್ಲಿ ಕಳಿಸಿದ್ದಕ್ಕೆ ನೀವು ಬರೆದದ್ದು, ಮೂರು ಸಾಲು. ಇದು ಗ್ರೆಗ್ ಫೋಟೋ ಹಾಕಿ ಕಳಿಸಿದ್ದಕ್ಕೆ ಬರೆದದ್ದು, ಅಪರೂಪದ ಸಾಧನೆ ಅಂತ. ಎರಡು ಸಲವೂ ನಾನು ಕಳಿಸಿದ್ದು ಅದೇ ಮೂವತ್ತು ಪುಟ. ಹೋಲಿಸಿ ನೋಡಿ. ಆಮೇಲೆ ಏನು ತೀರ್ಮಾನ ಮಾಡಿದ್ರೂ ಒಪ್ಕೋತೀನಿ."

"ಹೊರಗೆ ಕೂತಿರಿ," ಎಂದರು ಮೇಡಂ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಗ್ರೆಗ್‌ನಿಗೆ ಮಾತ್ರ, ನೀವಿಲ್ಲೇ ಇರಿ, ಕೇಳೋದಿದೆ ಎಂದರು.

ಹೊರಗೆ ಬೆಂಚಿನ ಮೇಲೆ ಲ್ಯಾಮಾಂಟ್ ಕೂತಿದ್ದ.

"ಏನು ನೋಡೋಕೆ ಬಂದ್ರಿ?" ಅವಳ ಧ್ವನಿ ಒಡೆಯಿತು. "ನಿಮಗೆ ಗೊತ್ತಿತ್ತು ತಾನೇ?"

"ಮೊದಲ ದಿನದಿಂದ."

"ಮೊದಲ ದಿನದಿಂದ?"

"ಹೋದ ವರ್ಷ ಆ ಮೂವತ್ತು ಪುಟಾನ ನಾನು ನಾಲ್ಕು ಸಲ ಓದಿದ್ದೆ. ಇದನ್ನ ಬಿಡಬಾರದು ಅಂತ ವಾದ ಮಾಡಿದ್ದೆ. ನಡೀಲಿಲ್ಲ. ಕೊನೆಗೆ ಪತ್ರಕ್ಕೆ ಸಹಿ ಹಾಕು ಅಂದ್ರು, ಹೇಡಿ ಹಾಗೆ ಹಾಕ್ದೆ. ಬೆವರಿನ ಬಗ್ಗೆ ನೀವು ಬಾಯಿ ಬಿಟ್ಟ ಕೂಡಲೇ ಬರೆದೋರು ಯಾರು ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಓಡಿಹೋದ್ರಿ? ಒಳಗೆ ಒಂದು ಮುಖ ಆದ್ರೂ ನನ್ನದು ಅಂತ ಇರುತ್ತೆ ಅಂದ್ಕೊಂಡಿದ್ದೆ..." ಕಣ್ಣೀರು ನಿಲ್ಲಲಿಲ್ಲ.

ಅವನು ತಲೆ ತಗ್ಗಿಸಿದ.

"ನಮ್ಮಲ್ಲಿ ಒಂದು ನಿಯಮ ಇದೆ. ಕಂಪನಿಯವರ ಮೇಲೆ ಮನಸ್ಸಿದ್ರೆ ಮತ ಹಾಕೋ ಹಾಗಿಲ್ಲ. ಕಾರಣ ಬರೆದುಕೊಟ್ಟು ಎದ್ದು ಹೋಗ್ಬೇಕು. ಬರೆದುಕೊಟ್ಟೆ."

ಅವಳು ಅವನ ಕಡೆಗೆ ತಿರುಗಿದಳು.

"ಏನಂತ?"

"ಈ ಕಂಪನಿಯ ಒಬ್ಬರನ್ನ ಪ್ರೀತಿಸ್ತಿದೀನಿ ಅಂತ. ನಿಮಗೆ ಹೇಳೋಕಾಗ್ಲಿಲ್ಲ. ನನ್ನ ಮತ ನಿಮ್ಮ ತಲೆ ಮೇಲೆ ತೂಗ್ತಿರುವಾಗ ಹೇಳಿದ್ರೆ ನೀವು ಬೇಡ ಅನ್ನೋದಾದ್ರೂ ಹೇಗೆ? ಸರಿ, ಮತಾನೇ ಬಿಟ್ಟೆ. ಅಲ್ದೆ ನಾಳೆ ಯಾರೂ ಅವನು ಕೊಡಿಸಿದ ಅನ್ನಬಾರದು ನಿಮಗೆ."

"ಹೆಸರು... ಬರೆದ್ರಾ?"

"ಹೆಸರು ಬರೆದ್ರೆ ನಿಮ್ಮ ಗುಟ್ಟಿನ ಕಡೆ ಕಣ್ಣು ಹೋಗುತ್ತಲ್ಲ. ಅದನ್ನ ಹೇಳೋದು ನಿಮಗೆ ಬಿಟ್ಟದ್ದು. ಒಬ್ಬರು ಅಂತಷ್ಟೇ ಬರೆದೆ. ವಿಟ್ಲೋ ಮೇಡಂ ಎರಡು ವಾರದಿಂದ ಗ್ರೆಗ್‌ನ ಒಂಥರಾ ನೋಡ್ತಿದಾರೆ."

ಅಳುತ್ತಲೇ ಅವಳಿಗೆ ನಗು ನುಗ್ಗಿತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಎಷ್ಟು ವಾರಗಳ ಭಯವೋ, ಆ ನಗುವಿನಲ್ಲಿ ಅರ್ಧ ಹೊರಗೆ ಬಂತು.

ಬಾಗಿಲು ತೆರೆಯಿತು. ಉಳಿದರ್ಧ ಮತ್ತೆ ಎದೆಗೆ ಹತ್ತಿ ಕೂತಿತು.

ವಿಟ್ಲೋ ಮೇಡಂ ಇಬ್ಬರನ್ನೂ ನೋಡಿದರು. ಒಮ್ಮೆ ಅವಳನ್ನು, ಒಮ್ಮೆ ಅವನನ್ನು. "ಓ," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಹೋದ ವರ್ಷ ಆ ಪತ್ರ ಬರೆಸಿದ್ದು ನಾನು. ಮೊದಲ ಪುಟ ತಿರುಗಿಸಿರಲಿಲ್ಲ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಳಗಿನ ಪುಟ ಎಲ್ಲ ಒಂದೇ. ನೀವು ಹೇಳಿದ ಸುಳ್ಳು ನನಗೆ ಹಿಡಿಸಿಲ್ಲ. ಅದನ್ನ ಹೇಳಿಸಿದ್ದು ನಾವು, ಅದೂ ಹಿಡಿಸಿಲ್ಲ. ಮತ ಎರಡಕ್ಕೆ ಒಂದು, ನಾವು ಹೂಡ್ತೀವಿ. ಕಾಗದ ಎಲ್ಲ ನಿಮ್ಮ ನಿಜವಾದ ಹೆಸರಲ್ಲಿ ಆಗ್ಬೇಕು."

ಬಾಗಿಲು ಮುಚ್ಚಿತು. ನೆಡ್ರಾ ಅಲುಗಾಡದೆ ನಿಂತೇ ಇದ್ದಳು.

"ಕೂತ್ಕೊಳ್ಳಿ," ಎಂದ ಲ್ಯಾಮಾಂಟ್. "ನಡುಗ್ತಿದೀರಿ."

"ಭಯ ಇನ್ನೂ ಹೋಗಿಲ್ಲ."

"ನನಗೂ."

"ನಿಮಗೆಂಥ ಭಯ?"

"ನಾನು ಹೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ."

ಅವಳು ಅವನ ಪಕ್ಕ ಕೂತಳು. ಒರಗಲು ಹೆಗಲಿತ್ತು, ಒರಗಿದಳು. ಅವನ ಕೈ ಅವಳ ಕೈಯನ್ನು ಹುಡುಕಿಕೊಂಡಿತು.

"ಚಿಕ್ಕಮ್ಮ ಫೋನ್ ಹಿಡ್ಕೊಂಡೇ ಕೂತಿರ್ತಾಳೆ. ಹೇಳ್ಬೇಕು," ಎಂದಳು ಕೊನೆಗೆ.

"ಏನಂತ?"

"ಎರಡು ಸುದ್ದಿ ಇದೆಯಲ್ಲ."

"ಮೊದಲು ಯಾವುದು ಹೇಳ್ತೀರಿ?"

ನೆಡ್ರಾ ಒಂದು ಕ್ಷಣವೂ ಯೋಚಿಸಲಿಲ್ಲ.

"ನಿನ್ನದು," ಎಂದಳು. "ಕಂಪನಿದು ಆಮೇಲೆ."