ಅಕ್ಕನ ಸದ್ದಿಲ್ಲದ ಕೀಬೋರ್ಡ್

ನನ್ನ ಅಂಗಡಿಯ ಷಟರ್ ದಡಾರನೆ ಕೆಳಗೆ ಬಿತ್ತು. ಒಳಗಿಂದ ಬೀಗ.

ನನ್ನ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇತ್ತು. ಚುಚ್ಚಿಬಿಡಬಹುದಿತ್ತಲ್ಲ ಅಂತೀರಾ? ಬೀಗಕ್ಕೆ ಬೆನ್ನು ಕೊಟ್ಟು ನಿಂತವನನ್ನು ಎಲ್ಲರೂ ಗೂಳಿ ಅನ್ನುತ್ತಾರೆ. ಅವನನ್ನು ಒಮ್ಮೆ ನೋಡಿದ್ದರೆ ನೀವು ಹಾಗೆ ಕೇಳುತ್ತಿರಲಿಲ್ಲ.

ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತವರು ಭಾವ. ಅಕ್ಕ ಅವರ ಕೈ ತಪ್ಪಿಸಿಕೊಂಡು ಹೋಗಿ ತಿಂಗಳುಗಳಾಗಿವೆ. ಎಲ್ಲಿದ್ದಾಳೆ ಅಂತ ನನಗೂ ಗೊತ್ತಿಲ್ಲ. ಬೇಕೆಂದೇ ಕೇಳಿಲ್ಲ. ಬಾಯಿ ಬಿಡಿಸಿದರೂ ಹೊರಬರಲು ಏನೂ ಇರಬಾರದು, ನೋಡಿ.

"ಏನಮ್ಮ ಇಂಜಿನಿಯರಮ್ಮ, ಇದು ನಿಮ್ಮಕ್ಕಂದೇ ತಾನೆ?"

ಬೆಂಚಿನ ಮೇಲಿದ್ದ ಕೀಬೋರ್ಡ್ ಅವಳದೇ. ಗೆಳತಿಯ ಕೈಲಿ ಕಳಿಸಿದ್ದಳು. ಸಂಜೆ ಆ ಗೆಳತಿಯೇ ಬಂದು ಒಯ್ಯಬೇಕಿತ್ತು. ನನ್ನ ಕಸುಬೇ ಅದು, ಗಿರಾಕಿಯ ಬೆರಳಿಗೆ ತಕ್ಕಂತೆ ಕೀಬೋರ್ಡ್ ಕಟ್ಟಿಕೊಡುವುದು. ಅಕ್ಕ ಕೇಳಿದ್ದು ಒಂದೇ: ಸದ್ದಿರಬಾರದು. ಮೆತ್ತನೆಯ ಸ್ವಿಚ್ಚು, ಸ್ಪ್ರಿಂಗಿಗೆ ಗ್ರೀಸು, ಅಡಿಗೆ ಫೋಮು. ಆ ಮನೆಯಲ್ಲಿ ಟಕ್ ಅಂದರೆ ಸಾಕು, ಪಕ್ಕದ ಕೋಣೆಯಿಂದ ಭಾವ ಎದ್ದು ಬರುತ್ತಿದ್ದರು. ಮನೆ ಬಿಟ್ಟಳು. ಹೆದರಿಕೆ ಅವಳನ್ನು ಬಿಟ್ಟಿಲ್ಲ.

ಭಾವ ಉಗುರಿನಷ್ಟು ಚಿಕ್ಕ ಚಿಪ್ ಒಂದನ್ನು ಮುಂದಿಟ್ಟರು. ಅದನ್ನು ಕೀಬೋರ್ಡಿನ ಹೊಟ್ಟೆಯೊಳಗೆ ಸೇರಿಸಬೇಕಂತೆ. ಅಕ್ಕ ಒತ್ತಿದ ಪ್ರತಿ ಅಕ್ಷರವೂ ಅವರ ಮೇಲ್‌ಗೆ ಬರಬೇಕಂತೆ. ಒಂದಲ್ಲ ಒಂದು ದಿನ ವಿಳಾಸ ಟೈಪ್ ಮಾಡಿಯೇ ಮಾಡುತ್ತಾಳೆ, ಕಾಯುತ್ತೇನೆ ಅಂದರು.

"ಒಂದು ದಿನ ಚಿಪ್ ಸುಮ್ಮನಾದ್ರೂ ವಾಪಸ್ ಬರ್ತೀನಿ. ಆಗ ಗೂಳಿ ನಿನ್ನ ಬೆರಳು ಎಣಿಸ್ತಾನೆ."

ಚಿಪ್ ಮಾತಾಡಿದರೆ ಅಕ್ಕ ಹೋದಳು. ಮಾತಾಡದಿದ್ದರೆ ನಾನು.

ಅತ್ತ ದರಿ, ಇತ್ತ ಪುಲಿ...

ಕೂರಿಸಿದೆ. ಬೆಸುಗೆ ಸರಿಯಾಗಿಯೇ ಕೂತಿತು.

ಕೆಲಸ ಮಾಡುತ್ತೋ ಇಲ್ಲವೋ ತೋರಿಸು ಅಂದರು. ಹಾಗಾದರೆ ಈ ಕಂಪ್ಯೂಟರಿನಲ್ಲಿ ನಿಮ್ಮ ಮೇಲ್ ತೆರೆಯಿರಿ, ಭಾವ, ಅಂದೆ.

ಭಾವ ಜಾಣರು. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮಾನಿಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಪಾಸ್‌ವರ್ಡ್ ಒತ್ತಿದರು.

ಯಾವ ಕೀಬೋರ್ಡಿನಲ್ಲಿ? ಆಗ ತಾನೇ ಚಿಪ್ ಕೂರಿಸಿದ್ದರಲ್ಲಿ. ಕಂಪ್ಯೂಟರಿಗೆ ಸಿಕ್ಕಿಸಿದ್ದು ಅದೊಂದೇ!

ಚಿಪ್ಪಿಗೆ ಅವರ ಮೇಲ್ ವಿಳಾಸ ಕೊಟ್ಟಿದ್ದು ಅದಾದ ಮೇಲೆ. ಅಲ್ಲಿಯವರೆಗೆ ಒತ್ತಿದ್ದೆಲ್ಲ ಅದರ ಹೊಟ್ಟೆಯಲ್ಲೇ ಉಳಿಯಿತು. ನಾನೊಂದು ಸಾಲು ಟೈಪ್ ಮಾಡಿದೆ. ಅವರ ಮೊಬೈಲ್ ಗುಂಯ್ ಅಂದಿತು. ತಲೆ ಸವರಿ, ಜಾಣೆ ಅಂದು ಹೊರಟರು.

ಷಟರ್ ಏರಿದ ಮರುಗಳಿಗೆಯೇ ಚಿಪ್ ಕಿತ್ತೆ. ಅದರ ಹೊಟ್ಟೆಯಲ್ಲಿದ್ದದ್ದನ್ನು ಓದಿಕೊಂಡೆ. ಚಿಪ್ಪನ್ನು ನನ್ನದೊಂದು ಹಳೇ ಕೀಬೋರ್ಡಿಗೆ ಬೆಸೆದೆ. ಸಂಜೆ ಅಕ್ಕನ ಕೀಬೋರ್ಡ್ ಬರಿದಾಗಿ, ಸದ್ದಿಲ್ಲದೆ ಹೋಯಿತು.

ಈಗ ದಿನಾ ನಾನೇ ಅಕ್ಕ. ಅವಳ ಹಾಗೆ ಹೆದರುತ್ತಾ, ಅಳೆದು ತೂಗಿ ಬರೆಯುತ್ತೇನೆ. ಜ್ವರ ಬಂದರೂ ರಜೆಯಿಲ್ಲ. ನಾನು ಸುಮ್ಮನಾದ ದಿನ ಗೂಳಿ ಬರುತ್ತಾನೆ. ಬೋನಿನಿಂದ ಹೊರಬಂದೆ ಅಂದುಕೊಳ್ಳಬೇಡಿ... ಒಳಗೆ ಭಾವನಿಗೂ ಜಾಗ ಮಾಡಿಕೊಟ್ಟಿದ್ದೇನೆ, ಅಷ್ಟೇ.

ಕಳೆದ ವಾರ 'ಅಕ್ಕ' ದೂರದ ಕಡಲತಡಿಯ ಊರೊಂದರಲ್ಲಿ ಬಾಡಿಗೆ ಕೋಣೆ ವಿಚಾರಿಸಿದಳು. ನಿನ್ನೆ ಭಾವನ ಮೇಲ್ ತೆರೆದು ನೋಡಿದೆ. ಎರಡು ರೈಲು ಟಿಕೆಟ್. ಗೂಳಿಗೆ ಕೆಳಗಿನ ಬರ್ತ್.

ಆ ಹಳೇ ಕೀಬೋರ್ಡಿಗೆ ಸ್ವಿಚ್ಚುಗಳನ್ನೂ ಬದಲಾಯಿಸಿದೆ. ಅಂಗಡಿಯಲ್ಲಿರುವುದರಲ್ಲೇ ಅತಿ ಹೆಚ್ಚು ಸದ್ದು ಮಾಡುವಂಥವು.

ಟಕ್ ಅಂದರೆ ಭಾವ ಈಗಲೂ ಎದ್ದು ಹೊರಡುತ್ತಾರೆ. ನಾನು ಹೇಳಿದ ಊರಿಗೆ.